ಕಾನ್ವೇ ಗಂಟು ಮತ್ತು ಒಬ್ಬ ಸಂಶೋಧನಾ ವಿದ್ಯಾರ್ಥಿನಿ

ಇಯರ್‌ಫೋನ್ ವೈರ್ ಜೇಬಿನಲ್ಲಿ ಗಂಟಾಗೋದು ನಮಗೆಲ್ಲ ಗೊತ್ತು. ಅಂಥ ಒಂದು ಗಂಟು ಹಾಕಿ, ವೈರಿನ ಎರಡು ತುದಿಗಳನ್ನು ಅಂಟಿಸಿಬಿಡಿ. ಗಣಿತದಲ್ಲಿ 'ಗಂಟು' ಅಂದರೆ ಅದೇ. ಕತ್ತರಿಸದೆ ಅದನ್ನು ಸಾದಾ ಬಳೆಯ ಆಕಾರಕ್ಕೆ ತರಬಹುದಾ? ಗಂಟು ಸಿದ್ಧಾಂತದ ಮೊದಲ ಪ್ರಶ್ನೆ ಇದು.

ಇನ್ನೊಂದು ಪ್ರಶ್ನೆ ಸ್ವಲ್ಪ ಕಷ್ಟದ್ದು. ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಒಳಗೆ ತಟ್ಟೆಯಂಥ ಪೊರೆ ನಿಲ್ಲುತ್ತದೆ. ಬಿಡಿಸಲಾಗದ ಗಂಟಿಗೆ, ತನ್ನನ್ನು ತಾನೇ ಛೇದಿಸದ ಅಂಥ ತಟ್ಟೆ ಮೂರು ಆಯಾಮದಲ್ಲಿ ಸಿಗುವುದಿಲ್ಲ. ನಾಲ್ಕನೇ ಆಯಾಮ ಕೊಟ್ಟರೆ ಕೆಲವಕ್ಕೆ ನಯವಾದ ತಟ್ಟೆ ಸಿಗುತ್ತದೆ. ಅವುಗಳನ್ನು 'ಸ್ಲೈಸ್' ಗಂಟು ಅಂತಾರೆ.

ಗಣಿತಜ್ಞ ಜಾನ್ ಕಾನ್ವೇ ಹೆಸರಿನ ಗಂಟಿಗೆ 11 ಕ್ರಾಸಿಂಗ್‌ಗಳಿವೆ. ಅದು ಸ್ಲೈಸ್ ಹೌದೋ ಅಲ್ಲವೋ? 12 ಕ್ರಾಸಿಂಗ್‌ವರೆಗಿನ ಸಾವಿರಾರು ಗಂಟುಗಳಲ್ಲಿ ಉತ್ತರ ಸಿಗದೆ ಉಳಿದಿದ್ದು ಇದೊಂದೇ.

2018ರ ಬೇಸಿಗೆಯಲ್ಲಿ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿನಿ ಲೀಸಾ ಪಿಚಿರಿಲ್ಲೊ ಅವರ ಕಿವಿಗೆ ಒಂದು ಸಮ್ಮೇಳನದಲ್ಲಿ ಈ ಪ್ರಶ್ನೆ ಬಿತ್ತು. ಹಗಲು ತಮ್ಮ ಸಂಶೋಧನೆ, ಸಂಜೆ ಈ ಗಂಟು ಅಂತ ಕೂತರು. ವಾರದೊಳಗೆ ಉತ್ತರ ಸಿಕ್ಕಿತು: ಸ್ಲೈಸ್ ಅಲ್ಲ. 2020ರಲ್ಲಿ ಆ ಪ್ರಬಂಧ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೇಗೆ ಮಾಡಿದರು? ಪ್ರತಿ ಗಂಟಿಗೂ 'ಟ್ರೇಸ್' ಎಂಬ ನಾಲ್ಕು ಆಯಾಮದ ಒಂದು ಆಕೃತಿ ಇದೆ. ಎರಡು ಗಂಟುಗಳ ಟ್ರೇಸ್ ಒಂದೇ ಆದರೆ, ಎರಡೂ ಸ್ಲೈಸ್ ಆಗಿರಬೇಕು, ಇಲ್ಲವೇ ಎರಡೂ ಆಗಿರಬಾರದು. ಗೊತ್ತಿದ್ದ ಪರೀಕ್ಷೆಗಳು ಕಾನ್ವೇ ಗಂಟಿನ ಮುಂದೆ ಸೋತಿದ್ದವು. ಹಾಗಾಗಿ ಅವರು ಅದೇ ಟ್ರೇಸ್ ಇರುವ ಬೇರೊಂದು ಗಂಟು ಕಟ್ಟಿದರು. ಅದು ಸ್ಲೈಸ್ ಅಲ್ಲ ಅಂತ ರಾಸ್ಮುಸೆನ್ ಎಂಬ ಗಣಿತಜ್ಞರ ಪರೀಕ್ಷೆ ಹೇಳಿತು. ಅಂದಮೇಲೆ ಕಾನ್ವೇ ಗಂಟೂ ಅಲ್ಲ!

ಥೆವೆನಿನ್ ನೆನಪಾಯ್ತಾ? ಜಟಿಲ ಸರ್ಕ್ಯೂಟ್ ಬದಲು ಒಂದು ವೋಲ್ಟೇಜ್ ಸೋರ್ಸ್, ಒಂದು ರೆಸಿಸ್ಟರ್ ಇಟ್ಟು ಲೆಕ್ಕ ಮಾಡ್ತೀವಿ. ಲೋಡ್‌ಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಲ್ಯಾಪ್ಲಾಸ್‌ನಲ್ಲೂ ಅಷ್ಟೇ, ಡಿಫರೆನ್ಷಿಯಲ್ ಸಮೀಕರಣ ಬೀಜಗಣಿತವಾಗುತ್ತದೆ. ಬೇಕಾದ ಗುಣ ಉಳಿಸಿಕೊಂಡು ಮಿಕ್ಕಿದ್ದನ್ನು ಬದಲಿಸುವುದು, ಯುಕ್ತಿ ಒಂದೇ.

ಆದರೆ ನಾವು ಲ್ಯಾಪ್ಲಾಸ್ ಟೇಬಲ್ ಬಾಯಿಪಾಠ ಮಾಡಿ ಪಾಸಾಗ್ತೀವಿ. ಟೇಬಲ್ಲಿನಲ್ಲಿ ಇಲ್ಲದ ಸಮಸ್ಯೆ ಬಂದಾಗ ಕೈಕಟ್ಟಿ ಕೂರಬೇಕಾಗುತ್ತದೆ. ಮುಂದಿನ ಗಣಿತ ತರಗತಿಯಲ್ಲಿ ಯಾವುದೇ ವಿಧಾನ ಕಲಿತರೂ ಎರಡು ಪ್ರಶ್ನೆ ಕೇಳಿ ನೋಡಿ: ಇಲ್ಲಿ ಏನನ್ನು ಬದಲಿಸಿದೆವು? ಏನು ಬದಲಾಗದೆ ಉಳಿಯಿತು?