ಯುದ್ಧದಿಂದ ಬೆಂಗಳೂರು ಬೆಳೆಯಿತೇ?

ಪ್ರಶ್ನೆ: ಎರಡನೆಯ ಮಹಾಯುದ್ಧದ ಕಾಲದಲ್ಲಿ ತುಂಬ ಕಷ್ಟಪಟ್ಟೆವು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಮೈಸೂರು ಸೀಮೆಯ ಮೇಲೆ ಬಾಂಬೇ ಬೀಳಲಿಲ್ಲವಲ್ಲ, ಕಷ್ಟ ಎಲ್ಲಿಂದ ಬಂತು? ಬೆಂಗಳೂರಿನ ಕೈಗಾರಿಕೆ ಬೆಳೆದದ್ದೇ ಆ ಯುದ್ಧದಿಂದ ಎನ್ನುವವರೂ ಇದ್ದಾರೆ. ಯಾವುದು ನಿಜ?
– ಓದುಗರು, ತುಮಕೂರು

ಉತ್ತರ: ನಿಮ್ಮಜ್ಜಿ ಹೇಳಿದ್ದು ಪೂರ್ತಿ ನಿಜ. ಎರಡನೆಯ ಮಾತು ಅರ್ಧ ಮಾತ್ರ ನಿಜ.

ಯುದ್ಧ ನಮ್ಮ ಸೀಮೆಗೆ ಬಂದದ್ದು ಸರಕಿನ ದಾರಿಗಳು ಕಡಿದುಹೋದಾಗ. 1942ರ ಮಾರ್ಚ್‌ನಲ್ಲಿ ಜಪಾನಿನ ಸೈನ್ಯ ರಂಗೂನನ್ನು ಹಿಡಿಯಿತು. ಬರ್ಮಾದಿಂದ ಭಾರತಕ್ಕೆ ವರ್ಷವರ್ಷವೂ ಹತ್ತು ಲಕ್ಷ ಟನ್ನಿಗೂ ಮಿಕ್ಕಿ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಸೀಮೆಎಣ್ಣೆಯ ದೊಡ್ಡ ಪಾಲೂ ಅಲ್ಲಿಂದಲೇ ಬರುತ್ತಿತ್ತು. ಉಳಿದ ಧಾನ್ಯಕ್ಕೆ ಸೈನ್ಯದ ಬೇಡಿಕೆ ಬೇರೆ. ಅದನ್ನು ಸಾಗಿಸಬೇಕಾದ ರೈಲುಗಳೂ ಸೈನ್ಯದ ಕೆಲಸಕ್ಕೆ ಹೋದವು. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಅಭಾವ ಬಂತು. ರೈತ ಬೆಳೆದದ್ದರಲ್ಲಿ ಒಂದು ಪಾಲನ್ನು ನಿಗದಿಯಾದ ಬೆಲೆಗೆ ಸರ್ಕಾರಕ್ಕೆ ಲೆವಿಯಾಗಿ ಅಳೆಯಬೇಕಾಯಿತು. ಉಳ್ಳವರು ಕಾಳಸಂತೆಯಲ್ಲಿ ಕೊಂಡರು, ಕೂಲಿಯವರು ರೇಷನ್ ಅಂಗಡಿಯ ಮುಂದೆ ಸಾಲು ನಿಂತರು. ಬಂಗಾಳದಲ್ಲಿ 1943ರ ಕ್ಷಾಮ ಲಕ್ಷಾಂತರ ಜನರನ್ನು ಕೊಂದಿತು. ಅಂಥ ಸಾವು ಇಲ್ಲಿ ಆಗಲಿಲ್ಲ, ಆದರೆ ಒಪ್ಪತ್ತು ಉಂಡ ಮನೆಗಳಿಗೆ ಲೆಕ್ಕವಿಲ್ಲ. ರವೆ ಇಡ್ಲಿ ಹುಟ್ಟಿದ್ದು ಅಕ್ಕಿ ಸಿಗದ ಆ ದಿನಗಳಲ್ಲೇ ಎಂದು ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನವರು ಹೇಳುತ್ತಾರೆ.

ಲೋಹಕ್ಕೂ ಅದೇ ಗತಿ. ರೂಪಾಯಿ ನಾಣ್ಯದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಇದ್ದ ಬೆಳ್ಳಿಯನ್ನು 1940ರಲ್ಲಿ ಅರ್ಧಕ್ಕೆ ಇಳಿಸಿದರು. ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ದೊಡ್ಡ ತೂತಿರುವ ಕಾಸು ಬಂತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ತೂತಿನ ಕಾಸು ಸಿಕ್ಕರೆ ಇಸವಿ ನೋಡಿ: 1943ರಿಂದ 1947ರೊಳಗಿನದೇ ಆಗಿರುತ್ತದೆ.

ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಮೇಲೆ ಓಡಿದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಒಲೆ ಕಟ್ಟಿ ಅದರೊಳಗೆ ಇದ್ದಿಲು ತುಂಬುತ್ತಿದ್ದರು. ಗಾಳಿ ಸಾಲದಂತೆ ಉರಿಸಿದರೆ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಅನಿಲ ಬರುತ್ತದೆ. ಅದನ್ನು ಸೋಸಿ ಇಂಜಿನ್ನಿಗೆ ಬಿಡುವುದು. ಹೊರಡುವ ಮುಂಚೆ ಕ್ಲೀನರ್ ಬಹಳ ಹೊತ್ತು ಗಾಳಿಯಂತ್ರದ ಹಿಡಿ ತಿರುಗಿಸಿ ಒಲೆ ಹೊತ್ತಿಸಬೇಕು. ಈ ಅನಿಲಕ್ಕೆ ಪೆಟ್ರೋಲಿನ ಕಸುವಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಕೆಲವು ಕಡೆ ತಳ್ಳಲೂ ಬೇಕು.

ಇನ್ನು ಕೈಗಾರಿಕೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುಮಾಡಿದರು. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಸಿದ್ಧವಾಯಿತು. 1942ರಲ್ಲಿ ಭಾರತ ಸರ್ಕಾರ ಕಂಪನಿಯನ್ನು ಕೈಗೆ ತೆಗೆದುಕೊಂಡಿತು. 1943ರಿಂದ ಅದು ಅಮೆರಿಕದ ವಾಯುಪಡೆಯ ದೊಡ್ಡ ರಿಪೇರಿ ಕೇಂದ್ರವಾಯಿತು; ಬರ್ಮಾ ರಣರಂಗದ ವಿಮಾನಗಳು ಇಲ್ಲಿಗೆ ಬಂದು ಬಿಚ್ಚಿಸಿಕೊಂಡು, ದುರಸ್ತಿಯಾಗಿ ಮರಳಿದವು.

ರೇಷ್ಮೆಗೂ ಬೇಡಿಕೆ ಏರಿತು. ಜಪಾನಿನ ರೇಷ್ಮೆ ನಿಂತಾಗ ಪ್ಯಾರಾಚೂಟಿಗೆ ಮೈಸೂರಿನ ನೂಲು ಬೇಕಾಯಿತು. ಆದರೆ ಚರಕದಲ್ಲಿ ತೆಗೆದ ನೂಲು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮನುಷ್ಯನ ಭಾರ ಹೊರುವ ಬಟ್ಟೆಗೆ ಅದು ಆಗದು. ಬಿಸಿನೀರಿನಲ್ಲಿರುವ ಗೂಡುಗಳಲ್ಲಿ ಒಂದರ ಎಳೆ ಮುಗಿದ ಕೂಡಲೇ ಇನ್ನೊಂದರ ಎಳೆ ಸೇರಿಸಿ, ಗೂಡಿನ ಲೆಕ್ಕ ತಪ್ಪದಂತೆ ನೂಲು ತೆಗೆಯುವ ಫಿಲೇಚರುಗಳಿಗೆ ಆಗ ಬೆಲೆ ಬಂತು.

ಹಾಗಾದರೆ ಯುದ್ಧವೇ ನಮ್ಮನ್ನು ಬೆಳೆಸಿತೇ? ವಿಮಾನ ಕಾರ್ಖಾನೆ ಬೆಂಗಳೂರಿಗೇ ಏಕೆ ಬಂತೆಂದು ಕೇಳಿಕೊಳ್ಳಿ. ಶಿವನಸಮುದ್ರದ ವಿದ್ಯುತ್ 1905ರಲ್ಲೇ ಊರಿಗೆ ಬಂದಿತ್ತು. ಟಾಟಾ ವಿಜ್ಞಾನ ಮಂದಿರದಲ್ಲಿ 1911ರಿಂದ ಪಾಠ ನಡೆದಿತ್ತು. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ಕರಗುತ್ತಿತ್ತು. ಹಣ ಹೂಡಲು ಮುಂದೆ ಬರುವ ಸಂಸ್ಥಾನವಿತ್ತು. ಮೂರು ನಾಲ್ಕು ದಶಕ ಶ್ರಮಪಟ್ಟು ಹದಮಾಡಿದ ನೆಲಕ್ಕೆ ಬೀಜ ಬಿತ್ತು. ಯುದ್ಧ ತಂದದ್ದು ಅವಸರದ ಗಿರಾಕಿಯನ್ನು ಮಾತ್ರ.

ಆ ಗಿರಾಕಿ ಹೊರಟುಹೋದಾಗ ಇದು ಸ್ಪಷ್ಟವಾಯಿತು. ಶಾಂತಿ ಬಂದ ಮೇಲೆ ರೇಷ್ಮೆಯ ಬೆಲೆ ಬಿತ್ತು. ವಿಮಾನ ಕಾರ್ಖಾನೆಗೂ ಕೆಲಸ ಸಾಲದೆ ಅಲ್ಲಿ ರೈಲು ಬೋಗಿಗಳನ್ನು ಕಟ್ಟಿದರು. ಕಾರ್ಖಾನೆ ಉಳಿದದ್ದು ಕೆಲಸ ಕಲಿತ ಕೈಗಳಿಂದ. ವಿಜ್ಞಾನ ಮಂದಿರದಲ್ಲಿ 1942ರ ಕೊನೆಗೆ ಶುರುವಾದ ವಿಮಾನಶಾಸ್ತ್ರ ವಿಭಾಗದಲ್ಲಿ ಕಲಿಸುತ್ತಿದ್ದ ವಿ.ಎಂ. ಘಾಟಗೆಯವರೇ ಮುಂದೆ ಈ ಕಾರ್ಖಾನೆಯಲ್ಲಿ ಎಚ್‌.ಟಿ–2 ವಿಮಾನವನ್ನು ವಿನ್ಯಾಸ ಮಾಡಿದರು. 1951ರಲ್ಲಿ ಅದು ಹಾರಿತು.

ಆದ್ದರಿಂದ ಬೆಂಗಳೂರಿನ ಬೆಳವಣಿಗೆಯ ಕೀರ್ತಿಯನ್ನು ಯುದ್ಧಕ್ಕೆ ಬಿಟ್ಟುಕೊಡಬೇಡಿ. ಅದು ವಿದ್ಯುತ್ತನ್ನೂ ವಿದ್ಯೆಯನ್ನೂ ಮೊದಲೇ ತಂದಿಟ್ಟವರಿಗೆ, ಕಾರ್ಖಾನೆಯಲ್ಲಿ ದುಡಿದವರಿಗೆ ಸಲ್ಲಬೇಕು. ಹಸಿವು ಮಾತ್ರ ಯುದ್ಧದ್ದೇ. ಅದನ್ನು ಉಂಡವರು ನಿಮ್ಮಜ್ಜಿಯಂಥವರು.