ಫ್ಲ್ಯಾಟಿನ ಗೋಡೆ ಗದಗಕ್ಕೆ ಬೇಡ

ತಮ್ಮಾ, ಬೆಂಗಳೂರಿನ ನಿನ್ನ ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತದೆ, ನಿಜ. ಹಾಗಂತ "ಊರಾಗಿನ ಮನೀನೂ ಹಿಂಗ ಕಟ್ಟಸೋಣ್ರಿ ಕಾಕಾ" ಅನ್ನುತ್ತೀಯಲ್ಲ, ಅದು ಬೇಡ.

ನಿನ್ನ ಕಟ್ಟಡ ಎದ್ದ ರೀತಿಯೇ ಬೇರೆ. ಅಲ್ಯೂಮಿನಿಯಂ ಹಲಗೆ ಜೋಡಿಸಿ, ಕಬ್ಬಿಣ, ಕರೆಂಟಿನ ಪೈಪು, ಸ್ವಿಚ್ ಬಾಕ್ಸು ಎಲ್ಲ ಮೊದಲೇ ಕೂರಿಸಿ, ಗೋಡೆಗೂ ಸ್ಲ್ಯಾಬಿಗೂ ಒಂದೇ ಸಲ ಕಾಂಕ್ರೀಟ್ ಸುರಿದದ್ದು ಅದು. ನಮ್ಮವರ ಬಾಯಲ್ಲಿ ಮಿವಾನ್. ಆ ಹಲಗೆ ಬಲು ದುಬಾರಿ. ಕೆಳಗೆ ಬಿಚ್ಚಿ ಮೇಲಿನ ಮಹಡಿಗೆ ಏರಿಸುತ್ತ, ಹತ್ತಾರು ಸಲ ಬಳಸಿದಾಗ ಮಾತ್ರ ಗಿಟ್ಟುತ್ತದೆ. ಒಂದು ಮನೆಗಾಗಿ ಅದನ್ನು ಮಾಡಿಸುವುದೆಂದರೆ ಒಂದು ಅಂಗಿಗೆ ಗಿರಣಿ ಹಾಕಿದ ಹಾಗೆ. ಮೇಲಾಗಿ ಅಲ್ಲಿ ಭಾರ ಹೊರುವುದೇ ಗೋಡೆ; ನಾಳೆ ಒಂದು ಬಾಗಿಲು ಬೇಕೆಂದರೂ ಒಡೆಯುವಂತಿಲ್ಲ. ನಮ್ಮ ಬಿಸಿಲಿಗೆ ಬರೀ ಕಾಂಕ್ರೀಟ್ ಗೋಡೆ ರಾತ್ರಿಯವರೆಗೂ ಕಾದೇ ಇರುತ್ತದೆ. ಕಾಲಂ, ಬೀಮು ಎಬ್ಬಿಸಿ ನಡುವೆ ಇಟ್ಟಿಗೆಯನ್ನೋ ಬ್ಲಾಕನ್ನೋ ಕಟ್ಟಿಸು, ಸಾಕು.

ಆ ಉಳಿದ ದುಡ್ಡನ್ನು ಪಾಯಕ್ಕೆ ಹಾಕು. ನಿನ್ನ ಜಾಗ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಮೇಲೆ ಎಂಥ ಗೋಡೆ ಕಟ್ಟಿದರೂ ಸೀಳುತ್ತದೆ. ದೊಡ್ಡ ಬಿಲ್ಡರ್ ಮಣ್ಣಿನ ಪರೀಕ್ಷೆ ಮಾಡಿಸದೆ ಗುದ್ದಲಿ ಹಾಕುವುದಿಲ್ಲ. ನಾವು ಮಾತ್ರ "ಐದು ಫೂಟು ಸಾಕ್ರೀ" ಅನ್ನುವ ಗೌಂಡಿಯ ಮಾತಿಗೆ ತಲೆಯಾಡಿಸುತ್ತೇವೆ. ಪರೀಕ್ಷೆ ಮಾಡಿಸು. ಗಟ್ಟಿ ಗರಸು ಹತ್ತಿರದಲ್ಲೇ ಸಿಕ್ಕರೆ ಅಲ್ಲಿಯವರೆಗೂ ಅಗೆಸು. ತೀರ ಆಳವಾದರೆ ಕೆಳತುದಿ ಉಬ್ಬಿದ ಅಂಡರ್‌ರೀಮ್ಡ್ ಪೈಲು ಉಂಟು, ಎಂಜಿನಿಯರನ್ನು ಕೇಳು. ಅಗೆದ ಎರೆಮಣ್ಣನ್ನೇ ತಿರುಗಿ ಪಾಯದೊಳಗೆ ತುಂಬಲು ಬಿಡಬೇಡ. ಒಂದು ಟ್ರಿಪ್ಪಿನ ದುಡ್ಡು ಉಳಿಸಲು ಹಾಗೆ ಮಾಡಿದವರ ಫರ್ಸಿ ಎದ್ದು ಕುಣಿಯುವುದನ್ನು ನಮ್ಮ ಓಣಿಯಲ್ಲೇ ನೋಡಬಹುದು.

ಇನ್ನು ನೀರು. ದೊಡ್ಡ ಕೆಲಸಗಳಲ್ಲಿ ಪ್ಲಾಂಟಿನಿಂದ ಅಳತೆಯ ಕಾಂಕ್ರೀಟ್ ಬರುತ್ತದೆ. ಕ್ಯೂಬ್ ತುಂಬಿಟ್ಟು 7ನೇ ದಿನ, 28ನೇ ದಿನ ಒಡೆದು ನೋಡುತ್ತಾರೆ. ನಿನ್ನ ಮನೆಯ ಮಿಕ್ಸರಿಗೆ ಕೂಲಿಯವ ಬಕೆಟ್ಟಿನಲ್ಲಿ ನೀರು ಸುರಿಯುತ್ತಾನೆ. ಎಳೆಯಲು ಹಗುರಾಗಲಿ ಅಂತ ಇನ್ನೊಂದು ಬಕೆಟ್ ಸೇರಿಸುತ್ತಾನೆ. ಅವನನ್ನೇನು ಬೈಯುವುದು, ಸೊಂಟ ಅವನದು. ಆದರೆ ಆ ಹೆಚ್ಚಿನ ನೀರು ಆರಿದ ಜಾಗವೆಲ್ಲ ಟೊಳ್ಳು. ಮಿಕ್ಸರ್ ಹತ್ತಿರ ನೀನೇ ನಿಲ್ಲಬೇಕು. ಕಾಂಕ್ರೀಟ್ ಹಾಕುವಾಗ ಕಡಿಮೆ ಬೇಕಾದ ನೀರು, ಹಾಕಿದ ಮೇಲೆ ಧಾರಾಳ ಬೇಕು: ಪಿಪಿಸಿ ಸಿಮೆಂಟಾದರೆ ಕನಿಷ್ಠ 10 ದಿನ, 14 ದಿನವಾದರೆ ಇನ್ನೂ ಒಳ್ಳೆಯದು. ಸ್ಲ್ಯಾಬ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸು, ಕಾಲಮ್ಮಿಗೆ ಗೋಣಿ ಸುತ್ತಿ ನೆನೆಸು. ಗುತ್ತಿಗೆದಾರನನ್ನು ನಂಬಬೇಡ, ಇದಕ್ಕೇ ಒಬ್ಬನಿಗೆ ಬೇರೆ ಪಗಾರ ಕೊಡು.

ಫ್ಲ್ಯಾಟಿನ ರಚನೆಯಲ್ಲಿ ದೋಷ ಕಂಡರೆ, ಸ್ವಾಧೀನ ಕೊಟ್ಟ 5 ವರ್ಷದವರೆಗೆ ಬಿಲ್ಡರನೇ ಪುಕ್ಕಟೆ ಸರಿಮಾಡಿಕೊಡಬೇಕೆಂದು 2016ರ ರೇರಾ ಕಾಯ್ದೆ ಹೇಳುತ್ತದೆ. ನೀನೇ ಕಟ್ಟಿಸಿಕೊಳ್ಳುವ ಮನೆಗೆ ಆ ಆಸರೆ ಇಲ್ಲ. ಅದಕ್ಕೇ ಕರಾರು ಬರೆಸು, ಕಡೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೋ. ಸ್ಲ್ಯಾಬ್ ದಿನಕ್ಕೆ ರಜೆಯನ್ನು ಈಗಲೇ ಕೇಳಿಡು; ವಾಟ್ಸಾಪ್ ಫೋಟೋದಲ್ಲಿ ಆ ಹೆಚ್ಚಿನ ಬಕೆಟ್ ಕಾಣುವುದಿಲ್ಲ.