ಮೊದಲು ಗುಳಿಗಿ ಡಬ್ಬಿ ಬಿಚ್ಚಿ

ಪ್ರವಾಸ ವಿಮೆಯ ಪಾಠವನ್ನು ನಾನು ಪಾಲಿಸಿ ಕಾಗದದಿಂದ ಶುರು ಮಾಡುವುದಿಲ್ಲ. ಮನೆಯಲ್ಲಿರುವ ಗುಳಿಗಿ ಡಬ್ಬಿ ತಂದು ಮುಂದಿಟ್ಟುಕೊಳ್ಳಿ. ಮುಂಜಾನೆಯ ಸಕ್ಕರಿ ಬ್ಯಾನಿ ಗುಳಿಗಿ, ರಾತ್ರಿಯ ಬಿಪಿ ಗುಳಿಗಿ, ಬನಹಟ್ಟಿಯಲ್ಲಿ ಹತ್ತಿಯ ಧೂಳಿನ ನಡುವೆ ಮಗ್ಗ ನಡೆಸಿದವರಾದರೆ ದಮ್ಮಿಗೆ ಎಳೆಯುವ ಪಂಪು. ವಿಮೆಯವರು ಇದನ್ನೆಲ್ಲ ಪಿಇಡಿ ಎಂದು ಕರೆಯುತ್ತಾರೆ. ನಾವು ‘ಮೊದಲಿದ್ದ ಕಾಯಿಲೆ’ ಅನ್ನೋಣ.

‘ನನಗೇನ್ ಬ್ಯಾನಿ ಇಲ್ರಿ, ಬಿಪಿ ನಾರ್ಮಲ್ ಐತಿ’ ಎನ್ನುವವರು ನಮ್ಮಲ್ಲಿ ಬಹಳ. ನಾರ್ಮಲ್ ಇರುವುದು ಗುಳಿಗಿ ನುಂಗಿದ್ದಕ್ಕೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಹಾಕಿದ ಅಳತೆ ಹೀಗಿದೆ: ಪಾಲಿಸಿ ಕೊಳ್ಳುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಇಲ್ಲವೇ ಚಿಕಿತ್ಸೆ ಕೊಟ್ಟ ಕಾಯಿಲೆ ಮೊದಲಿದ್ದ ಕಾಯಿಲೆ. ಬಿಪಿ ಬಂದು ಹತ್ತು ವರ್ಷವಾಗಿದ್ದರೂ ನಿನ್ನೆ ರಾತ್ರಿ ಗುಳಿಗಿ ತೆಗೆದುಕೊಂಡಿದ್ದರೆ ಅದು ಲೆಕ್ಕಕ್ಕೆ ಬಂತು.

ಈಗ ಕೇಳಬೇಕಾದದ್ದು, ಎಲ್ಲಿಗೆ ಹೊರಟಿರಿ? ದೇಶದೊಳಗೋ, ಹೊರಗೋ? ಉತ್ತರದ ಮೇಲೆ ಇಡೀ ಪಾಠ ಬದಲಾಗುತ್ತದೆ.

ದೇಶದೊಳಗೆ ಅಂದರೆ ನಮ್ಮವರಿಗೆ ಬಹುಮಟ್ಟಿಗೆ ಯಾತ್ರೆಯೇ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು, ಆಷಾಢದಲ್ಲಿ ಪಂಢರಪುರದ ವಾರಿಗೆ ಹೋಗುವವರು, ಕಬ್ಬಿನ ಬಿಲ್ಲು ಬಂದ ವರ್ಷ ಕಾಶಿ, ಕೇದಾರ ಅನ್ನುವವರು. ಇವರು ಹೊಸ ಪಾಲಿಸಿ ಹುಡುಕುವ ಮೊದಲು ಮನೆಯ ಟ್ರಂಕು ಹುಡುಕಬೇಕು. ಈಗಾಗಲೇ ಆರೋಗ್ಯ ವಿಮೆ ಇದ್ದರೆ ಅದು ಸಾಮಾನ್ಯವಾಗಿ ಭಾರತದ ತುಂಬ ನಡೆಯುತ್ತದೆ. ಮೊದಲಿದ್ದ ಕಾಯಿಲೆಗೆ ಅದರಲ್ಲಿ ಕಾಯುವ ಅವಧಿ ಇರುತ್ತದೆ. 2024ರ ಏಪ್ರಿಲ್‌ನಿಂದ ಅದು ಹೆಚ್ಚೆಂದರೆ ಮೂರು ವರ್ಷ, ಮೊದಲು ನಾಲ್ಕಿತ್ತು. ಆ ಅವಧಿ ಮುಗಿದಿದ್ದರೆ ನಿಮ್ಮ ಸಕ್ಕರಿ ಬ್ಯಾನಿ ಹರಿದ್ವಾರದಲ್ಲಿ ಕೈಕೊಟ್ಟರೂ ಪಾಲಿಸಿ ಕೈಕೊಡುವುದಿಲ್ಲ.

ಆಯುಷ್ಮಾನ್ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೊದಲಿದ್ದ ಕಾಯಿಲೆಗೆ ಕಾಯುವ ಮಾತೇ ಇಲ್ಲ. ಕೇಂದ್ರದ ಆಯುಷ್ಮಾನ್ ಯೋಜನೆಯ (ಪಿಎಂಜೆಎವೈ) ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸಿಗುತ್ತದೆ. ನಿಮ್ಮ ಕಾರ್ಡು ಆ ಪಟ್ಟಿಯದೋ, ರಾಜ್ಯ ಸರಕಾರ ತಾನೇ ಸೇರಿಸಿಕೊಂಡದ್ದೋ ಎಂದು ಹೊರಡುವ ಮೊದಲೇ 14555ಕ್ಕೆ ಫೋನ್ ಮಾಡಿ ಕೇಳಿ. ಮಿರಜದ ದವಾಖಾನೆಗೆ ಗಡಿ ದಾಟಿ ಹೋಗಿಬಂದು ರೂಢಿಯಾದ ನಮಗೆ ಆಸ್ಪತ್ರೆಯಲ್ಲಿ ‘ಈ ಕಾರ್ಡ್ ಇಲ್ಲಿ ನಡೀತೈತಿ?’ ಎಂದು ಕೇಳುವುದು ಹೊಸದಲ್ಲ.

ರೈಲು ಟಿಕೆಟನ್ನು ಐಆರ್‌ಸಿಟಿಸಿಯಲ್ಲಿ ತೆಗೆಸುವಾಗ 45 ಪೈಸೆಯ ವಿಮೆ ಕೇಳುತ್ತದಲ್ಲ, ಹಾಕಿಸಿಕೊಳ್ಳಿ. ಮೃತಪಟ್ಟರೆ 10 ಲಕ್ಷ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ. ಆದರೆ ಅದು ರೈಲು ಅಪಘಾತ, ರೈಲಿನಿಂದ ಬೀಳುವುದು ಮುಂತಾದ ಅವಘಡಗಳಿಗೆ ಮಾತ್ರ, ಕಾಯಿಲೆಗಲ್ಲ. ಬೋಗಿಯಲ್ಲಿ ಕೂತಲ್ಲೇ ಎದೆನೋವು ಬಂದರೆ ಅದರಿಂದ ಪೈಸೆಯೂ ಇಲ್ಲ. ‘ವಿಮಾ ಮಾಡ್ಸೇವ್ರಿ’ ಎಂದು ನಿಶ್ಚಿಂತರಾಗಿ ಹೋಗುವವರು ಎಡವುವುದು ಇಲ್ಲಿಯೇ.

ಕೇದಾರದ ಬಗ್ಗೆ ಒಂದು ಮಾತು. ಜಮಖಂಡಿ ಸಮುದ್ರಮಟ್ಟದಿಂದ ಐದೂವರೆ ನೂರು ಮೀಟರ್ ಆಸುಪಾಸಿನಲ್ಲಿದೆ, ಕೇದಾರನಾಥ 3,583 ಮೀಟರ್. ಹೃದಯದ, ದಮ್ಮಿನ ತೊಂದರೆ ಇದ್ದವರಿಗೆ ಅಲ್ಲಿ ವಿಮೆಗಿಂತ ಮೊದಲು ವೈದ್ಯರ ಒಪ್ಪಿಗೆ ಬೇಕು.

ಇನ್ನು ಪರದೇಶ. ಇಲ್ಲಿ ನಿಧಾನವಾಗಿ ಓದಿ. ಮುಧೋಳದ ಒಬ್ಬ ನಿವೃತ್ತ ಮಾಸ್ತರರು ಅಮೆರಿಕದಲ್ಲಿರುವ ಮಗಳ ಮನೆಗೆ ಮೂರು ತಿಂಗಳಿಗೆ ಹೊರಟಿದ್ದಾರೆ ಎಂದುಕೊಳ್ಳೋಣ. ಸಕ್ಕರಿ ಬ್ಯಾನಿ ಇದೆ, ಹಿಂದೊಮ್ಮೆ ಸ್ಟೆಂಟ್ ಹಾಕಿದೆ. ಆರೋಗ್ಯ ವಿಮೆಯಲ್ಲಾದರೆ ಮೂರು ವರ್ಷ ಕಾದರೆ ಬಾಗಿಲು ತೆರೆಯುತ್ತಿತ್ತು. ಮೂರು ತಿಂಗಳ ಪ್ರವಾಸ ಪಾಲಿಸಿಯಲ್ಲಿ ಕಾಯಲು ಸಮಯವೆಲ್ಲಿದೆ? ಅಲ್ಲಿ ಮೊದಲಿದ್ದ ಕಾಯಿಲೆ ಒಳಗಿರಬೇಕು, ಇಲ್ಲವೇ ಹೊರಗಿರಬೇಕು. ಹೆಚ್ಚಿನ ಪಾಲಿಸಿಗಳು ಅದನ್ನು ಹೊಸ್ತಿಲ ಮೇಲೆ ನಿಲ್ಲಿಸುತ್ತವೆ: ಪ್ರಾಣಕ್ಕೆ ಅಪಾಯ ಬಂದ ತುರ್ತಿನಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ. ಅಮೆರಿಕದಲ್ಲೇ ಮಾರುವ ಪಾಲಿಸಿಗಳಲ್ಲಿ ‘ಅಕ್ಯೂಟ್ ಆನ್‌ಸೆಟ್’ ಎಂಬ ಮಾತಿರುತ್ತದೆ. ಮುನ್ಸೂಚನೆ ಇಲ್ಲದೆ ಕಾಯಿಲೆ ಏಕಾಏಕಿ ಉಲ್ಬಣಿಸಬೇಕು, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕು ಎಂದು ಅದರರ್ಥ. ಸಕ್ಕರೆ ಪರೀಕ್ಷೆ, ತೀರಿದ ಗುಳಿಗಿ, ಮಾಮೂಲಿ ತಪಾಸಣೆ ಇವ್ಯಾವುದಕ್ಕೂ ದುಡ್ಡು ಬರುವುದಿಲ್ಲ. ಅದಕ್ಕೇ ಪೂರ್ತಿ ಮೂರು ತಿಂಗಳಿಗೆ ಸಾಲುವಷ್ಟು ಗುಳಿಗಿಯನ್ನು ವೈದ್ಯರ ಚೀಟಿಯ ಸಮೇತ ಇಲ್ಲಿಂದಲೇ ಒಯ್ಯಬೇಕು.

ಆ ಮಿತಿಯ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ನೋಡೋಣ. ಪಾಲಿಸಿಯ ಮುಖದ ಮೇಲೆ 1 ಲಕ್ಷ ಡಾಲರ್ ಎಂದಿದೆ. ಒಳಗೆ ಸಣ್ಣಕ್ಷರದಲ್ಲಿ, ಮೊದಲಿದ್ದ ಕಾಯಿಲೆಗೆ 5,000 ಡಾಲರ್. ಹೃದಯಾಘಾತದ ಬಿಲ್ಲು 60,000 ಡಾಲರ್ ಆದರೆ ಮಗಳ ಹೆಗಲಿಗೆ ಬೀಳುವುದು 55,000. ಹಾಗಾಗಿ ಏಜೆಂಟರಿಗೆ ‘ಎಷ್ಟು ಲಕ್ಷದ ಪಾಲಿಸಿ?’ ಎಂದು ಕೇಳಬೇಡಿ. ‘ನನ್ನ ಈ ಕಾಯಿಲೆಗೆ ಎಷ್ಟು, ಯಾವಾಗ?’ ಎಂದು ಕೇಳಿ. ಉತ್ತರ ಬಾಯಿಮಾತಲ್ಲಿ ಬೇಡ, ಕಾಗದದಲ್ಲಿ ತೋರಿಸಲಿ. ಪಾಲಿಸಿಯ ಸಾರಾಂಶ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳುವ ಹಕ್ಕು ನಿಮಗಿದೆ. ಸಂಕೋಚ ಯಾಕೆ?

ಅಗ್ಗ ಮಾಡುವ ದಾರಿಗಳೂ ಇವೆ. ಕಂತು ಮುಖ್ಯವಾಗಿ ನಿಂತಿರುವುದು ವಯಸ್ಸು, ದಿನ, ದೇಶ, ಮೊತ್ತ ಈ ನಾಲ್ಕರ ಮೇಲೆ. ವಯಸ್ಸು ಕೈಯಲ್ಲಿಲ್ಲ. ದಿನ ಇದೆ, ತಿರುಗಿ ಬರುವ ಟಿಕೆಟ್ ನೋಡಿ ಅಷ್ಟಕ್ಕೇ ಕೊಳ್ಳಿ. ದುಬೈಗೋ ಸಿಂಗಪುರಕ್ಕೋ ಹೋಗುವವರು ಅಮೆರಿಕ, ಕೆನಡಾ ಸೇರಿದ ಪಾಲಿಸಿ ಕೊಂಡರೆ ಸುಮ್ಮನೆ ದಂಡ. ‘ಡಿಡಕ್ಟಿಬಲ್’, ಅಂದರೆ ಬಿಲ್ಲಿನ ಮೊದಲ ತುಸು ಭಾಗವನ್ನು ನಾವೇ ಕೊಡುವ ಒಪ್ಪಂದ, ಹೆಚ್ಚಿಸಿಕೊಂಡರೆ ಕಂತು ಇಳಿಯುತ್ತದೆ. ಸಣ್ಣ ಜ್ವರದ ಬಿಲ್ಲು ಕೊಡಬಲ್ಲ ಮನೆಗೆ ಇದು ಒಳ್ಳೆಯ ವ್ಯವಹಾರ. ಮೊತ್ತವನ್ನು ಮಾತ್ರ ಇಳಿಸಬೇಡಿ. ಯುರೋಪಿನ ಷೆಂಗೆನ್ ವೀಸಾಕ್ಕಂತೂ 30,000 ಯೂರೋಗಿಂತ ಕಡಿಮೆಯಾಗುವಂತಿಲ್ಲ. ವಿಮಾನ ಹತ್ತುವ ಹಿಂದಿನ ರಾತ್ರಿ ಕೊಳ್ಳದೆ, ಹದಿನೈದು ದಿನ ಮೊದಲು ಮೂರ್ನಾಲ್ಕು ಕಂಪನಿಗಳ ದರ ತರಿಸಿ ಹೋಲಿಸಿ.

ಕಾಯಿಲೆ ಮುಚ್ಚಿಟ್ಟು ಕಂತು ಉಳಿಸುವುದು ದಾರಿಯಲ್ಲ. ನಮ್ಮಲ್ಲಿ ಅರ್ಜಿ ತುಂಬುವವರು ಬೇರೆ, ಕಾಯಿಲೆ ಇರುವವರು ಬೇರೆ. ಮೊಬೈಲ್ ಹಿಡಿದ ಮಗನೋ ಅವಸರದ ಏಜೆಂಟನೋ ಪ್ರತಿ ಪ್ರಶ್ನೆಗೂ ‘ಇಲ್ಲ’ ಒತ್ತಿಬಿಡುತ್ತಾನೆ. ಆಸ್ಪತ್ರೆ ಸೇರಿದ ದಿನ ಅಲ್ಲಿನ ವೈದ್ಯರು ಮೊದಲು ಕೇಳುವುದೇ ‘ಯಾವ ಗುಳಿಗಿ ತೆಗೆದುಕೊಳ್ಳುತ್ತಿದ್ದಿರಿ?’ ಎಂದು. ನೀವು ನಿಜ ಹೇಳುತ್ತೀರಿ, ಅದು ದಾಖಲಾಗುತ್ತದೆ, ಕ್ಲೇಮು ಬೀಳುತ್ತದೆ. ಡಬ್ಬಿಯಲ್ಲಿರುವ ಪ್ರತಿ ಗುಳಿಗಿಗೂ ಅರ್ಜಿಯಲ್ಲಿ ಒಂದು ಸಾಲು ಇರಬೇಕು.

ನಿಜ ಬರೆದೂ ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಐಆರ್‌ಡಿಎಐ ಸಹಾಯವಾಣಿ 155255. ದೂರು ಎಲ್ಲಿಗೆ ಹೋದರೂ ನಿಮ್ಮ ಪರವಾಗಿ ಮಾತಾಡುವುದು ನೀವು ತುಂಬಿದ ಅರ್ಜಿ. ಕಳಿಸುವ ಮೊದಲು ಅದರ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.